ಅಬ್ಬಿ ನೀರಿನ ಹಾಗೆ ಮನೆಯದ್ದೇ ಒಂದು ಸರ್ವರ್

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ತಿಂಗಳಿಗೊಂದು ಸಲ ಆದ್ರೂ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಫೋನ್ ಸ್ಟೋರೇಜ್ ಫುಲ್ ಅಂತ ಬರ್ತಾ ಇದೆ, ಎಂತ ಡಿಲೀಟ್ ಮಾಡೋದು?" ಅಂತ. ಗೂಗಲ್ ಫೋಟೋಸ್‌ನವರು 2021ರ ಜೂನ್ 1ರಿಂದ ಎಷ್ಟು ಬೇಕಾದ್ರೂ ಪುಕ್ಕಟೆ ಇಟ್ಕೊಳ್ಳಿ ಅನ್ನೋದನ್ನ ನಿಲ್ಲಿಸಿದ್ರು, ಈಗ ಮೇಲ್ ಎಲ್ಲಾ ಸೇರಿ 15 ಜಿಬಿ, ಅದು ಒಂದು ಮದುವೆ ಒಂದು ಉಪನಯನದ ವಿಡಿಯೋಗೇ ತುಂಬಿ ಹೋಗ್ತದೆ. ಇನ್ನೊಂದು ಕಡೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ಹಾಗಾಗಿ ಸುಮಾರು ಮನೆಗಳಲ್ಲಿ ಚೆನ್ನಾಗೇ ಇರೋ ಹಳೇ ಲ್ಯಾಪ್‌ಟಾಪ್ ಕಪಾಟು ಸೇರಿದೆ. ಹಳ್ಳಿ ಮನೆಗಳಿಗೂ ಫೈಬರ್ ಬಂತು. ಈ ಮೂರೂ ಒಟ್ಟಿಗೆ ಆಗಿದ್ದಕ್ಕೋ ಏನೋ, "ಮನೇಲೇ ಸಣ್ಣ ಸರ್ವರ್ ಇಟ್ಕೊಂಡ್ರೆ ಹೇಗೆ" ಅಂತ ಕೇಳೋರು ಜಾಸ್ತಿ ಆಗಿದ್ದಾರೆ. ಶಿರಸಿ ಹತ್ರದ ನಮ್ಮ ಮನೇಲಿ ನಾನು ಒಂದನ್ನ ಎರಡು ಮಳೆಗಾಲದಿಂದ ನಡೆಸ್ತಾ ಇದ್ದೇನೆ. ಕಂಪ್ಯೂಟರ್ ಓದದೇ ಇರೋರಿಗೂ ಅರ್ಥ ಆಗೋ ಹಾಗೆ, ಬುಡದಿಂದ ಹೇಳ್ತೇನೆ.

ಸರ್ವರ್ ಅಂದ್ರೆ ಎಂತ

ಸರ್ವರ್ ಅಂದ ಕೂಡ್ಲೇ ಎಸಿ ರೂಮಲ್ಲಿ ಸಾಲಾಗಿ ನಿಂತ ಕಪ್ಪು ಬೀರುಗಳು ಕಣ್ಣಿಗೆ ಬರ್ತದೆ. ಆದ್ರೆ ಸರ್ವರ್ ಅನ್ನೋದು ಯಂತ್ರದ ಹೆಸರಲ್ಲ, ಕೆಲಸದ ಹೆಸರು. ಊಟದ ಪಂಕ್ತೀಲಿ ಬಡಿಸೋನು ಇರ್ತಾನಲ್ಲ, ಅವನೇ. ಕೂತೋರು ಕೇಳ್ತಾರೆ, ಅವನು ತಂದು ಹಾಕ್ತಾನೆ. ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲಾ ಕೂತೋರು. ಫೋಟೋ ಕೊಡು ಅಂದ್ರೆ ಫೋಟೋ, ಯಕ್ಷಗಾನದ ವಿಡಿಯೋ ಕೊಡು ಅಂದ್ರೆ ವಿಡಿಯೋ ಕೊಡೋ ಕಂಪ್ಯೂಟರ್ ಸರ್ವರ್. ಯಾವ ಕಂಪ್ಯೂಟರ್ ಬೇಕಾದ್ರೂ ಈ ಕೆಲಸ ಮಾಡಬಹುದು, ಒಂದೇ ಕಂಡೀಷನ್ ಅಂದ್ರೆ ಅದು ಮಲಗಬಾರದು, ಯಾಕಂದ್ರೆ ಯಾರು ಯಾವಾಗ ಕೇಳ್ತಾರೆ ಗೊತ್ತಿಲ್ಲ.

ಹಾಗಾದ್ರೆ ಗೂಗಲ್ ಡ್ರೈವ್‌ಗೂ ಇದಕ್ಕೂ ಎಂತ ವ್ಯತ್ಯಾಸ? ಪಂಚಾಯ್ತಿ ನಳದ ನೀರಿಗೂ ಅಬ್ಬಿ ನೀರಿಗೂ ಇರೋ ವ್ಯತ್ಯಾಸ. ಘಟ್ಟದ ಮೇಲಿನ ಮನೆಗಳವರಿಗೆ ಇದು ಬೇಗ ಹೊಳೀತದೆ. ಗುಡ್ಡದ ಒರತೆಯಿಂದ ಪೈಪ್ ಎಳೆದ್ರೆ ನೀರು ಹಗಲು ರಾತ್ರಿ ತಾನಾಗೇ ಬಂದು ಬೀಳ್ತದೆ, ಬಿಲ್ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಆದ್ರೆ ಪೈಪಲ್ಲಿ ಎಲೆಯೋ ಏಡಿಯೋ ಸಿಕ್ಕಿ ನೀರು ನಿಂತ್ರೆ ಕತ್ತಿ ಹಿಡ್ಕೊಂಡು ಉಂಬಳ ಕಚ್ಚಿಸ್ಕೊಂಡು ಗುಡ್ಡ ಹತ್ತಬೇಕಾದೋರು ನಾವೇ. ಮನೆ ಸರ್ವರ್ ಕಥೆನೂ ಅಷ್ಟೇ, ಮುಂದೆ ಹೇಳೋದೆಲ್ಲ ಹೆಚ್ಚು ಕಮ್ಮಿ ಈ ಗುಡ್ಡ ಹತ್ತೋ ವಿಷಯವೇ.

5 ವ್ಯಾಟಿನ ಲೆಕ್ಕ

ಇಪ್ಪತ್ನಾಲ್ಕು ಗಂಟೆ ಎಚ್ಚರ ಇರೋ ಯಂತ್ರ ಅಂದ ಮೇಲೆ ಮೊದಲ ಪ್ರಶ್ನೆ ಕರೆಂಟ್ ಬಿಲ್ಲಿನದ್ದೇ. ನಮ್ಮನೇಲೂ ಆಯಿ ಕೇಳಿದ್ದು ಅದನ್ನೇ, "ತಮಾ, ಇದ್ರ ದೀಪ ರಾತ್ರಿನೂ ಉರೀತಲೋ, ಬಿಲ್ ಎಷ್ಟು ಬತ್ತು?"

ಸಾವಿರ ವ್ಯಾಟ್ ಒಂದು ಗಂಟೆ ಓಡಿದ್ರೆ ಒಂದು ಯೂನಿಟ್. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಬೋರ್ಡು ಸುಮ್ನೆ ಕೂತಾಗ ಸುಮಾರು 3 ವ್ಯಾಟ್, ಕೆಲಸ ಇದ್ದಾಗ 6-7 ವ್ಯಾಟ್ ತಗೊಳ್ತದೆ. ಸರಾಸರಿ 5 ಅಂತ ಹಿಡೀರಿ, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ ಗುಣಿಸಿದ್ರೆ 3.6 ಯೂನಿಟ್. ದೇವರ ಕೋಣೆಗೆ ಹಾಕೋ 9 ವ್ಯಾಟಿನ ಎಲ್ಇಡಿ ಬಲ್ಬಿಗಿಂತ ಕಮ್ಮಿ. ಅದೇ ಹಳೇ ಡೆಸ್ಕ್‌ಟಾಪನ್ನ ಸರ್ವರ್ ಮಾಡಿದ್ರೆ, ಅದು 100 ವ್ಯಾಟ್ ತಗೊಂಡ್ರೆ ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿ ಇರೋ ಮನೇಲಿ 200 ಯೂನಿಟ್ ಫ್ರೀ ಅಲ್ವಾ ಅಂತ ಅಂದ್ಕೋಬೇಡಿ, ಅಲ್ಲಿ ಮಿತಿ ಹಾಕಿರೋದು ನಮ್ಮನೆ ಹಳೇ ಸರಾಸರಿ ಬಳಕೆ ಮೇಲೆ, 72 ಯೂನಿಟ್ ಏಕ್ದಂ ಏರಿದ್ರೆ ಅದನ್ನ ದಾಟಿ ಹೋಗೋ ಚಾನ್ಸ್ ಜಾಸ್ತಿ. ಸಣ್ಣ ಪೆಟ್ಟಿಗೆ ಯಾಕೆ ಅನ್ನೋದಕ್ಕೆ ಉತ್ತರ ಇಷ್ಟೇ.

ಯಾವ ಪೆಟ್ಟಿಗೆ

ರಾಸ್ಪ್‌ಬೆರಿ ಪೈ 2012ರ ಫೆಬ್ರವರಿ 29ಕ್ಕೆ ಇಂಗ್ಲೆಂಡಲ್ಲಿ ಬಂದಿದ್ದು, ಮಕ್ಕಳು ಕಮ್ಮಿ ದುಡ್ಡಲ್ಲಿ ಪ್ರೋಗ್ರಾಮಿಂಗ್ ಕಲೀಲಿ ಅಂತ ಎಬೆನ್ ಅಪ್ಟನ್ ಮತ್ತೆ ಅವರ ಜೊತೆಯವರು ಮಾಡಿದ್ದು. ಆವಾಗ ಬೆಲೆ 35 ಡಾಲರ್, ರಾಮ್ (ಓಡ್ತಾ ಇರೋ ಪ್ರೋಗ್ರಾಂಗಳು ಕೂರೋ ಮೆಮೊರಿ) 256 ಎಂಬಿ. ಇಸ್ಪೀಟು ಪ್ಯಾಕಿನಷ್ಟು ಅಗಲದ ಬೋರ್ಡು, ಅದರ ಮೇಲೆ ಪೂರ್ತಿ ಕಂಪ್ಯೂಟರ್. 2019ರ ಪೈ 4, 2023ರ ಪೈ 5 ಬಂದ ಮೇಲೆ ಮನೆ ಕೆಲಸಕ್ಕೆ ಧಾರಾಳ ಸಾಕು ಅನ್ನೋ ಹಾಗಾಯ್ತು.

ಒಂದು ವಿಷಯ ಮೊದಲೇ ತಿಳ್ಕೊಂಡಿರಿ. ಇದರ ಚಿಪ್ಪು ಫೋನಲ್ಲಿ ಇರೋ ಜಾತಿದು, ಆರ್ಮ್ ಅಂತಾರೆ. ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ ಇರೋದು ಇಂಟೆಲ್ ಜಾತಿ. ಎರಡಕ್ಕೂ ಅರ್ಥ ಆಗೋ ಭಾಷೆ ಬೇರೆ ಬೇರೆ, ಒಂದಕ್ಕೆ ಮಾಡಿದ ಸಾಫ್ಟ್‌ವೇರ್ ಇನ್ನೊಂದರಲ್ಲಿ ಓಡೋದಿಲ್ಲ. ಎಲ್ಲಾ ಸರಿ ಮಾಡಿದ್ರೂ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಅಂತ ಬಂದ್ರೆ ತಲೆ ಕೆಡಿಸ್ಕೋಬೇಡಿ, ಹೆಚ್ಚಾಗಿ ಬೇರೆ ಜಾತಿಯದ್ದನ್ನ ಇಳಿಸ್ಕೊಂಡಿರ್ತೀರಿ, ಆರ್ಮ್64 ಅಂತ ಬರೆದಿದ್ದನ್ನ ಹುಡುಕಿ.

ಹೊಸದಾಗಿ ದುಡ್ಡು ಹಾಕೋ ಮೊದಲು ಕಪಾಟಲ್ಲಿ ಇರೋ ಹಳೇ ಲ್ಯಾಪ್‌ಟಾಪ್ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೇನೆ. ಸ್ಕ್ರೀನ್ ಆಫ್ ಇಟ್ರೆ ಸುಮಾರು ಲ್ಯಾಪ್‌ಟಾಪ್ 15 ವ್ಯಾಟಿನ ಆಸುಪಾಸಲ್ಲಿ ಓಡ್ತವೆ, ಮತ್ತೆ ಅದರಲ್ಲಿ ಬ್ಯಾಟರಿ ಇರ್ತದೆ, ಅಂದ್ರೆ ಕರೆಂಟ್ ಹೋದಾಗ ಕೈ ಹಿಡಿಯೋ ಯುಪಿಎಸ್ ಪುಕ್ಕಟೆ. ಬ್ಯಾಟರಿ ಉಬ್ಬಿದ್ರೆ ಮಾತ್ರ ಬೇಡ, ಅದನ್ನ ತೆಗೆಸಿ.

ಮೊದಲ ಸಲ ಎಬ್ಬಿಸೋದು

ನಮ್ಮನೇಲಿ ಓಡೋದು ಪೈ, ಹಾಗಾಗಿ ಮುಂದೆ ಅದರದ್ದೇ ಹೇಳ್ತೇನೆ. ಪೈಗೆ ಮಾನಿಟರ್ ಕೀಬೋರ್ಡ್ ಬೇಕು ಅಂತ ಏನಿಲ್ಲ. ಮೊದಲು ಲ್ಯಾಪ್‌ಟಾಪಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಅನ್ನೋ ಪ್ರೋಗ್ರಾಂ ಹಾಕ್ಕೊಂಡು, ಮೆಮೊರಿ ಕಾರ್ಡಿಗೆ ರಾಸ್ಪ್‌ಬೆರಿ ಪೈ ಓಎಸ್ ಬರೀಬೇಕು, ಅದರಲ್ಲಿ ಲೈಟ್ ಅಂತ ಇರೋದನ್ನ ಆರಿಸಿ, ಕಿಟಕಿ ಮೌಸು ಚಿತ್ರ ಯಾವುದೂ ಇಲ್ಲದ ಬರೀ ಅಕ್ಷರದ ಆವೃತ್ತಿ ಅದು. ಇದು ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿದ್ದು, ಲಿನಕ್ಸ್ ಅಂದ್ರೆ ವಿಂಡೋಸ್ ಹಾಗೇ ಕಂಪ್ಯೂಟರನ್ನ ನಡೆಸೋ ಮೂಲ ಸಾಫ್ಟ್‌ವೇರ್. ಬರೆಯೋ ಮೊದಲೇ ಇಮೇಜರ್ ಕೇಳ್ತದೆ, ಯಂತ್ರಕ್ಕೆ ಹೆಸರೆಂತ, ಯೂಸರ್ ಯಾರು, ಪಾಸ್‌ವರ್ಡ್ ಎಂತ, ವೈಫೈ ಯಾವುದು, ಎಸ್ಎಸ್ಎಚ್ ಆನ್ ಮಾಡಬೇಕಾ ಅಂತ. ಎಲ್ಲಾ ತುಂಬಿ, ಎಸ್ಎಸ್ಎಚ್‌ಗೆ ಹೌದು ಅನ್ನಿ. ಹಿಂದೆ ಎಲ್ಲಾ ಪೈಗಳಿಗೂ ಯೂಸರ್ ಪೈ, ಪಾಸ್‌ವರ್ಡ್ ರಾಸ್ಪ್‌ಬೆರಿ ಅಂತ ಒಂದೇ ಇರ್ತಿತ್ತು, ಊರಿನ ಎಲ್ಲಾ ಮನೆಗೂ ಒಂದೇ ಬೀಗದ ಕೈ ಇದ್ದ ಹಾಗೆ, 2022ರ ಏಪ್ರಿಲಲ್ಲಿ ಅದನ್ನ ತೆಗೆದು ಹಾಕಿದ್ರು.

ಎಸ್ಎಸ್ಎಚ್ ಅಂದ್ರೆ ದೂರದಿಂದ ಕೂತು ಆ ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡೋ ದಾರಿ, ಮಧ್ಯದಲ್ಲಿ ಯಾರಿಗೂ ಓದೋಕೆ ಆಗದ ಹಾಗೆ ಗುಟ್ಟಿನ ಲಿಪೀಲಿ ಹೋಗ್ತದೆ. ಕಾರ್ಡನ್ನ ಪೈಗೆ ಹಾಕಿ ಕರೆಂಟ್ ಕೊಟ್ಟು ಒಂದು ಚಾ ಕುಡಿದು ಬನ್ನಿ, ಮೊದಲ ಸಲ ಸ್ವಲ್ಪ ಹೊತ್ತು ಬೇಕು. ಆಮೇಲೆ ಬ್ರೌಸರಲ್ಲಿ ತೆರೆಯೋ ರೌಟರಿನ ಸೆಟ್ಟಿಂಗ್ ಪೇಜಲ್ಲಿ ಅದಕ್ಕೆ ಯಾವ ನಂಬರ್ ಸಿಕ್ಕಿದೆ ನೋಡ್ಕೊಳ್ಳಿ, 192.168.1.20 ಹೀಗೆ ಏನೋ ಇರ್ತದೆ. ಅದು ಮನೆಯೊಳಗಿನ ಅಡ್ರೆಸ್ಸು. ರೌಟರಲ್ಲೇ ಆ ನಂಬರನ್ನ ಪೈಗೇ ಖಾಯಂ ಮಾಡಿಡಿ, ಇಲ್ಲಾಂದ್ರೆ ಕರೆಂಟ್ ಹೋಗಿ ಬಂದಾಗೆಲ್ಲ ಬೇರೆ ನಂಬರ್ ಸಿಕ್ಕಿ ನೀವು ಹುಡುಕ್ತಾ ಕೂರ್ತೀರಿ.

ಸಾಫ್ಟ್‌ವೇರ್ ಹಾಕೋದು

ಲಿನಕ್ಸಲ್ಲಿ ಎರಡು ರೀತಿ ಹಾಕಬಹುದು. ಒಂದು, ಡೆಬಿಯನ್ನಿನ ಉಗ್ರಾಣದಿಂದ ನೇರ ತರಿಸೋದು, ಒಂದು ಸಾಲಿನ ಆಜ್ಞೆ ಸಾಕು. ಇನ್ನೊಂದು ಡಾಕರ್. ಡಾಕರ್ ಅಂದ್ರೆ ಬುತ್ತಿ ಡಬ್ಬಿ ಲೆಕ್ಕ. ಒಂದೊಂದು ಸಾಫ್ಟ್‌ವೇರೂ ತನಗೆ ಬೇಕಾದ ಅನ್ನ ಸಾರು ಉಪ್ಪಿನಕಾಯಿ ಎಲ್ಲಾ ತನ್ನ ಡಬ್ಬೀಲೇ ಕಟ್ಕೊಂಡು ಬರ್ತದೆ, ಒಂದರ ಸಾರು ಇನ್ನೊಂದರ ಮಜ್ಜಿಗೆಗೆ ಬೀಳೋದಿಲ್ಲ. ಬೇಡ ಅಂದ್ರೆ ಡಬ್ಬಿ ಸಮೇತ ತೆಗೆದು ಹಾಕಿದ್ರಾಯ್ತು. ಯಾವ ಯಾವ ಡಬ್ಬಿ, ಅದರ ಡೇಟಾ ಯಾವ ಫೋಲ್ಡರಲ್ಲಿ ಅಂತ ಒಂದು ಫೈಲಲ್ಲಿ ಬರೆದಿಡೋ ಪದ್ಧತಿ ಇದೆ, ಕಂಪೋಸ್ ಫೈಲ್ ಅಂತಾರೆ. ಆ ಫೈಲನ್ನ ಇನ್ನೊಂದು ಕಡೆ ಕಾಪಿ ಇಟ್ಕೊಂಡ್ರೆ ಪೆಟ್ಟಿಗೆ ಸುಟ್ಟು ಹೋದ್ರೂ ಹೊಸದರಲ್ಲಿ ಅದೇ ಅಡುಗೆಮನೆ ಮತ್ತೆ ಕಟ್ಟಬಹುದು. ಎರಡರಲ್ಲಿ ಹೇಗೆ ಹಾಕಿದ್ರೂ "ಕರೆಂಟ್ ಬಂದ ಕೂಡ್ಲೇ ತಾನಾಗೇ ಶುರು ಆಗು" ಅಂತ ಹೇಳಿಡೋದನ್ನ ಮರೀಬೇಡಿ, ಅದು ನಾನು ಮರೆತು ಒಂದು ವಾರ ಫೋಟೋ ಬ್ಯಾಕಪ್ ಆಗ್ತಾನೇ ಇರ್ಲಿಲ್ಲ.

ಎಂತ ಹಾಕ್ಬಹುದು ಅಂದ್ರೆ, ಫೋನಿಂದ ಫೋಟೋ ತಾನಾಗೇ ಬಂದು ಬೀಳೋಕೆ ಇಮ್ಮಿಚ್, ಫೈಲು ಕ್ಯಾಲೆಂಡರಿಗೆ ನೆಕ್ಸ್ಟ್‌ಕ್ಲೌಡ್, ಟಿವೀಲಿ ವಿಡಿಯೋ ನೋಡೋಕೆ ಜೆಲ್ಲಿಫಿನ್, ಜಾಹೀರಾತು ತಡೆಯೋಕೆ ಪೈ-ಹೋಲ್. ಎಲ್ಲಾ ಪುಕ್ಕಟೆ. ಆದ್ರೆ ಎಲ್ಲಾ ಒಟ್ಟಿಗೆ ಹಾಕೋಕೆ ಹೋಗ್ಬೇಡಿ. ರಾಮ್ ಅನ್ನೋದು ಅಂಗಳ ಇದ್ದ ಹಾಗೆ, ಅಡಿಕೆ ಹರವೋಕೆ ಜಾಗ ಇದ್ದಷ್ಟೇ ಹರವಬಹುದು. ತುಂಬಿ ಹೋದ್ರೆ ಲಿನಕ್ಸ್ ತಾನೇ ಯಾವುದಾದ್ರೂ ಒಂದು ಪ್ರೋಗ್ರಾಮನ್ನ ಕೊಂದು ಜಾಗ ಮಾಡ್ತದೆ, ಯಾವುದನ್ನ ಅಂತ ನಿಮ್ಮನ್ನ ಕೇಳೋದಿಲ್ಲ. ಇಮ್ಮಿಚ್ ಫೋಟೋದಲ್ಲಿ ಮುಖ ಗುರುತಿಸೋ ಕೆಲಸ ಮಾಡ್ತದಲ್ಲ, ಅದು ಸಣ್ಣ ಬೋರ್ಡಿಗೆ ಸುಸ್ತು, ರಾಮ್ ಕಮ್ಮಿ ಇದ್ರೆ ಆ ಭಾಗ ಬಂದ್ ಮಾಡಿಡಿ.

ವೈಫೈ ಬೇರೆ, ಇಂಟರ್ನೆಟ್ ಬೇರೆ

ಇದೊಂದು ಗೊಂದಲ ಸುಮಾರು ಜನಕ್ಕಿದೆ. ಮನೆ ರೌಟರಿಂದ ಫೋನಿಗೆ ಬರೋದು ವೈಫೈ, ಅದು ಮನೆಯೊಳಗಿನ ದಾರಿ. ರೌಟರಿಂದ ಆಚೆ ಫೈಬರಲ್ಲಿ ಹೋಗೋದು ಇಂಟರ್ನೆಟ್, ಅದು ಊರ ರಸ್ತೆ. ರಸ್ತೆ ಮೇಲೆ ಮರ ಬಿದ್ರೆ ಪೇಟೆಗೆ ಹೋಗೋಕೆ ಆಗೋದಿಲ್ಲ, ಜಗಲಿಯಿಂದ ಅಡುಗೆಮನೆಗೆ ಹೋಗೋಕೆ ಏನು ತೊಂದರೆ? ಹೋದ ಜುಲೈಲಿ ಗಾಳಿಗೆ ಅಕೇಶಿಯಾ ಮರ ಬಿದ್ದು ಫೈಬರ್ ತುಂಡಾಗಿ ಮೂರು ದಿನ ನೆಟ್ ಇರ್ಲಿಲ್ಲ, ಫೋನ್ ಟವರೂ ಇಲ್ಲ. ಪೈ ಮಾತ್ರ ಇನ್ವರ್ಟರಲ್ಲಿ ಓಡ್ತಾ ಇತ್ತು. ಡಿಸ್ಕಲ್ಲಿದ್ದ ಹಳೇ ತಾಳಮದ್ದಲೆ ರೆಕಾರ್ಡಿಂಗು, ಅಣ್ಣನ ಮದುವೆ ವಿಡಿಯೋ ಎಲ್ಲಾ ಜೆಲ್ಲಿಫಿನ್ನಲ್ಲಿ ಹಾಕಿ ಪಕ್ಕದ ಮನೆಯವರೂ ಬಂದು ಕೂತು ನೋಡಿದ್ರು. ನೆಟ್ ಇಲ್ಲದೇ ಇದು ಹೇಗೆ ಬರ್ತದೆ ಅಂತ ಅವರಿಗೆ ಇನ್ನೂ ನಂಬಿಕೆ ಇಲ್ಲ.

ಹೊರಗಿಂದ ಮನೆಗೆ ಬರೋ ದಾರಿ

ಕಷ್ಟ ಇರೋದು ಇಲ್ಲಿ. ಬೆಂಗಳೂರಲ್ಲಿ ಕೂತು ಮನೆ ಸರ್ವರ್ ನೋಡಬೇಕು ಅಂದ್ರೆ ಮನೆಗೊಂದು ಹೊರಗಿನ ಅಡ್ರೆಸ್ ಬೇಕು. ಹಳೇ ಪದ್ಧತಿಯ ಇಂಟರ್ನೆಟ್ ಅಡ್ರೆಸ್ಸುಗಳು ಇರೋದೇ ಒಟ್ಟು ಸುಮಾರು 430 ಕೋಟಿ, ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರೀಲೇ ಖಾಲಿ ಆಯ್ತು. ಹಾಗಾಗಿ ಇಂಟರ್ನೆಟ್ ಕೊಡೋರು ನೂರಾರು ಮನೆಗೆ ಸೇರಿ ಒಂದು ಅಡ್ರೆಸ್ ಹಂಚ್ತಾರೆ, ಇದಕ್ಕೆ ಸಿಜಿನ್ಯಾಟ್ ಅಂತ ಹೆಸರು.

ನಮ್ಮ ಕಡೆ ದೂರ ದೂರದ ಮನೆಗಳ ಕಾಗದ ಎಲ್ಲಾ ಬಸ್‌ಸ್ಟಾಪಿನ ಅಂಗಡೀಲಿ ಇಟ್ಟು ಹೋಗ್ತಿದ್ರಲ್ಲ, ಅದನ್ನ ನೆನೆಸ್ಕೊಳ್ಳಿ. ನೀವು ಅಂಗಡಿಯಿಂದ ಕಾಗದ ಕಳಿಸಿದ್ರೆ, ಇದು ಇಂಥ ಮನೆಯವರು ಹಾಕಿದ್ದು ಅಂತ ಅಂಗಡಿಯವನಿಗೆ ನೆನಪಿರ್ತದೆ, ಉತ್ತರ ಬಂದಾಗ ನಿಮಗೇ ಕೊಡ್ತಾನೆ. ಆದ್ರೆ ಯಾರೋ ಹೊಸಬರು ಬರೀ ಅಂಗಡಿ ಅಡ್ರೆಸ್ ಬರೆದು ಕಾಗದ ಹಾಕಿದ್ರೆ ಯಾರಿಗೆ ಅಂತ ಕೊಡೋದು? ಎಸೀತಾನೆ. ಮನೆ ಸರ್ವರಿಗೆ ಹೊರಗಿಂದ ಬರೋ ಕೋರಿಕೆ ಹೀಗೇ ಕಸಕ್ಕೆ ಹೋಗ್ತದೆ. ಯೂಟ್ಯೂಬ್ ವಿಡಿಯೋ ನೋಡಿ ರೌಟರಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿಂದ ಬಂದ ಕೋರಿಕೆಯನ್ನ ಪೈಗೆ ಕಳಿಸು ಅನ್ನೋ ಸೆಟ್ಟಿಂಗ್) ಮಾಡಿದೆ, ಏನೂ ಆಗ್ಲಿಲ್ಲ ಅಂತ ಸುಮಾರು ಜನ ಹೇಳ್ತಾರೆ, ಕಾರಣ ಇದೇ. ರೌಟರ್ ಪೇಜಲ್ಲಿ ವ್ಯಾನ್ ಐಪಿ ಅಂತ ಇರೋ ಹೊರಗಡೆಯ ಅಡ್ರೆಸ್ಸು 100.64ರಿಂದ 100.127ರ ನಡುವೆ ಶುರು ಆಗ್ತಾ ಇದ್ರೆ ನೀವೂ ಅಂಗಡಿ ಅಡ್ರೆಸ್ಸಿನವರೇ.

ಇದಕ್ಕೆ ಉಪಾಯ ಎರಡು ಕಡೆಯವರೂ ಒಳಗಿಂದ ಹೊರಗೆ ಹೋಗೋದು. ಟೇಲ್‌ಸ್ಕೇಲ್ ಅನ್ನೋ ಪ್ರೋಗ್ರಾಂ ಮಾಡೋದು ಇದನ್ನೇ. ಮನೆಯ ಪೈ ಮತ್ತೆ ನಿಮ್ಮ ಫೋನು ಎರಡೂ ಹೊರಗಿನ ಒಂದು ಪರಿಚಯದ ಜಾಗಕ್ಕೆ ಕಾಗದ ಹಾಕ್ತವೆ, ಅದು ಇವರಿಬ್ಬರಿಗೂ ಪರಸ್ಪರ ದಾರಿ ಹೇಳಿ ಕೊಡ್ತದೆ, ಆಮೇಲೆ ಇಬ್ಬರೂ ನೇರ ಮಾತಾಡ್ತಾರೆ. ನೇರ ದಾರಿ ಸಿಗದಿದ್ರೆ ಮಧ್ಯದ ಯಂತ್ರದ ಮೂಲಕ ಹೋಗ್ತದೆ, ಸ್ವಲ್ಪ ನಿಧಾನ, ಅಷ್ಟೇ. ಒಳಗೆ ಕೆಲಸ ಮಾಡೋದು ವೈರ್‌ಗಾರ್ಡ್ ಅನ್ನೋ ಗುಟ್ಟಿನ ದಾರಿ ಮಾಡೋ ವ್ಯವಸ್ಥೆ, 2020ರಿಂದ ಲಿನಕ್ಸ್ ಒಳಗೇ ಸೇರಿಕೊಂಡಿದೆ, ಗುಟ್ಟಿನ ಕೀಲಿ ನಿಮ್ಮ ಸಾಧನಗಳಲ್ಲೇ ಇರೋದ್ರಿಂದ ಮಧ್ಯದವರಿಗೆ ಓದೋಕೆ ಬರೋದಿಲ್ಲ. ಇನ್ನೊಂದು ಲಾಭ, ಸರ್ವರ್ ಬಾಗಿಲು ಇಡೀ ಜಗತ್ತಿಗೆ ತೆರೆದಿರೋದಿಲ್ಲ. ತೆರೆದ ಎಸ್ಎಸ್ಎಚ್ ಬಾಗಿಲು ಕಂಡ್ರೆ ಎಲ್ಲಿಂದೆಲ್ಲಿಂದಲೋ ಯಂತ್ರಗಳು ಹಗಲು ರಾತ್ರಿ ಪಾಸ್‌ವರ್ಡ್ ಊಹೆ ಮಾಡಿ ಬಡೀತಾ ಇರ್ತವೆ.

ಕರೆಂಟು, ಕಾರ್ಡು, ಸಿಡಿಲು

ನನ್ನ ಮೊದಲ ಪೈ ಸತ್ತಿದ್ದು ಜೂನ್ ತಿಂಗಳ ಒಂದು ಸಂಜೆ. ಕರೆಂಟು ಹತ್ತು ನಿಮಿಷದಲ್ಲಿ ನಾಲ್ಕು ಸಲ ಹೋಗಿ ಬಂತು, ಐದನೇ ಸಲ ಪೈಯ ಕೆಂಪು ದೀಪ ಬಂತು, ಹಸಿರು ದೀಪ ಮಿಣುಕಲೇ ಇಲ್ಲ. ಬೋರ್ಡು ಸರಿ ಇತ್ತು, ಹೋಗಿದ್ದು ಮೆಮೊರಿ ಕಾರ್ಡು.

ಯಾಕೆ ಹೀಗಾಗ್ತದೆ? ಖಾತೆ ಪುಸ್ತಕ ಬರೆಯೋವಾಗ ದೀಪ ಆರಿದ ಹಾಗೆ. ಪುಸ್ತಕದ ಮೊದಲ ಪುಟದಲ್ಲಿ "ಹೆಗಡೇರ ಲೆಕ್ಕ 40ನೇ ಪುಟ" ಅಂತ ಬರೆದಾಗಿದೆ, 40ನೇ ಪುಟದಲ್ಲಿ ಅರ್ಧ ಸಾಲಿದೆ. ಸರ್ವರ್ ಸುಮ್ನೆ ಕೂತಿದ್ರೂ ತನ್ನ ದಿನಚರಿ ಬರೀತಾನೇ ಇರ್ತದೆ, ಹಾಗಾಗಿ ಯಾವಾಗ ಕರೆಂಟ್ ಹೋದ್ರೂ ಏನೋ ಒಂದು ಅರ್ಧ ಆಗಿರೋ ಸಾಧ್ಯತೆ ಇದೆ. ಕಾರ್ಡುಗಳು ಒಂದು ಸಾಲು ತಿದ್ದೋಕೆ ಇಡೀ ದೊಡ್ಡ ತುಂಡನ್ನೇ ಅಳಿಸಿ ಬರೀತವೆ, ಆದ್ದರಿಂದ ಪಕ್ಕದ ಲೆಕ್ಕವೂ ಕೆಡ್ತದೆ, ಮತ್ತೆ ಇಷ್ಟು ಸಲ ಅಂತ ಬರೆದಾದ ಮೇಲೆ ತಾವೇ ಸವೆದು ಹೋಗ್ತವೆ. ನನ್ನ ಪುಣ್ಯಕ್ಕೆ ಫೋಟೋ ಬೇರೆ ಡಿಸ್ಕಲ್ಲಿತ್ತು. ಈಗ ಪೈ 4ನ್ನ ಯುಎಸ್‌ಬಿ ಎಸ್ಎಸ್‌ಡಿ (ಒಳಗೆ ತಿರುಗೋ ಭಾಗ ಇಲ್ಲದ ಡಿಸ್ಕ್) ಇಂದಲೇ ಶುರು ಮಾಡ್ತೇನೆ, ಕಾರ್ಡೇ ಇಲ್ಲ.

ಎರಡನೇದು ಚಾರ್ಜರ್. ಮನೇಲಿ ಇದ್ದ ಫೋನ್ ಚಾರ್ಜರ್ ಚುಚ್ಚೋದು ಎಲ್ಲರೂ ಮಾಡೋ ತಪ್ಪು. ಪೈ 4ಕ್ಕೆ 5 ವೋಲ್ಟಲ್ಲಿ 3 ಆಂಪಿಯರ್ ಬೇಕು, ತೆಳು ಕೇಬಲಲ್ಲಿ ದಾರೀಲೇ ವೋಲ್ಟೇಜ್ ಬೀಳ್ತದೆ, 4.63ಕ್ಕಿಂತ ಕೆಳಗಿಳಿದ್ರೆ ಪೈ "ಅಂಡರ್‌ವೋಲ್ಟೇಜ್" ಅಂತ ದಿನಚರೀಲಿ ಬರೀತದೆ. ಪಂಪ್‌ಸೆಟ್ ಪೈಪ್ ಸಣ್ಣದಾದ್ರೆ ತೋಟದ ತುದಿಗೆ ನೀರು ಬರೋದಿಲ್ವಲ್ಲ, ಹಾಗೆ. ಎಲ್ಲಾ ಯುಎಸ್‌ಬಿ ಪೋರ್ಟು ಸೇರಿ ಅದು ಕೊಡೋದು 1.2 ಆಂಪಿಯರ್ ಮಾತ್ರ, ಎರಡು ಹಾರ್ಡ್‌ಡಿಸ್ಕ್ ನೇತು ಹಾಕಿದ್ರೆ ಸಾಕಾಗೋದಿಲ್ಲ.

ಮನೇಲಿ ಇನ್ವರ್ಟರ್ ಇದ್ರೆ ಹೆಚ್ಚಾಗಿ ಅದರ ಮೇಲೆ ಒಂದು ಸಣ್ಣ ಸ್ವಿಚ್ ಇರ್ತದೆ, ಯುಪಿಎಸ್ ಅಂತ ಇರೋ ಕಡೆ ಹಾಕಿ, ಕರೆಂಟಿಂದ ಬ್ಯಾಟರಿಗೆ ಬೇಗ ಬದಲಾಗ್ತದೆ, ಪೈ ಮಲಗೋದಿಲ್ಲ. ಪವರ್‌ಬ್ಯಾಂಕ್ ಮಧ್ಯೆ ಇಟ್ರೆ ಆಗೋದಿಲ್ವಾ ಅಂತ ಕೇಳ್ತಾರೆ, ಸುಮಾರು ಪವರ್‌ಬ್ಯಾಂಕ್‌ಗಳು ಬದಲಾಗೋ ಕ್ಷಣದಲ್ಲಿ ಒಂದು ಸಲ ಕಣ್ಣು ಮಿಟುಕಿಸ್ತವೆ, ಅಷ್ಟು ಸಾಕು ರೀಸ್ಟಾರ್ಟ್ ಆಗೋಕೆ.

ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ ಅನ್ನೋದು ನನಗೆ ಮಳೆಗಾಲದಲ್ಲೇ ಗೊತ್ತಾಗಿದ್ದು. ಟೈಮ್ ಇಂಟರ್ನೆಟ್ಟಿಂದ ತಗೊಳ್ತದೆ, ಕರೆಂಟ್ ಬಂದು ನೆಟ್ ಬರದಿದ್ರೆ ಅದು ಆರಿದ ಹೊತ್ತಲ್ಲೇ ಇದ್ದೇನೆ ಅಂದ್ಕೊಂಡಿರ್ತದೆ. ಪೈ 5ರಲ್ಲಿ ಬ್ಯಾಟರಿ ಸೇರಿಸೋಕೆ ಜಾಗ ಕೊಟ್ಟಿದ್ದಾರೆ.

ಸಿಡಿಲಿಗೆ ಪ್ಲಗ್ ಕೀಳೋದೊಂದೇ ಉಪಾಯ. ಫೈಬರ್ ಒಳಗಿನ ಗಾಜಿನ ಎಳೇಲಿ ಕರೆಂಟ್ ಹರಿಯೋದಿಲ್ಲ ನಿಜ, ಆದ್ರೆ ಕೆಲವು ಫೈಬರ್ ವಯರಿಗೆ ಗಟ್ಟಿ ಇರ್ಲಿ ಅಂತ ಸ್ಟೀಲ್ ತಂತಿ ಸೇರಿಸಿರ್ತಾರೆ, ಮತ್ತೆ ಅಡಾಪ್ಟರ್ ಅಂತೂ ಲೈನಿಗೇ ಚುಚ್ಚಿದ್ದು. ಹಾಗಂತ ಏಕ್ದಂ ಪ್ಲಗ್ ಕಿತ್ರೆ ಮತ್ತೆ ಖಾತೆ ಪುಸ್ತಕದ ಕಥೆ. ನಾನು ಎಂತ ಮಾಡಿದೆ ಅಂದ್ರೆ, ಪೈ ಮೇಲೆ 40 ಪಿನ್ನು ಇರ್ತವಲ್ಲ, ಅದರ 5 ಮತ್ತೆ 6ನೇ ಪಿನ್ನಿಗೆ ಎರಡು ವಯರ್ ಹಾಕಿ ಕಾಲಿಂಗ್ ಬೆಲ್ ಸ್ವಿಚ್ಚೊಂದನ್ನ ಸೇರಿಸಿದೆ, ಸೆಟ್ಟಿಂಗ್ ಫೈಲಲ್ಲಿ ಜಿಪಿಐಒ ಶಟ್‌ಡೌನ್ ಅಂತ ಒಂದು ಸಾಲು. ಒತ್ತಿದ್ರೆ ಪೈ ಲೆಕ್ಕ ಮುಗಿಸಿ ಮಲಗ್ತದೆ, ಹಸಿರು ದೀಪ ಪೂರ್ತಿ ಆರಿದ ಮೇಲೆ ಪ್ಲಗ್ ಕೀಳಬಹುದು. ಈಗ ಏಪ್ರಿಲ್ ಮೇ ಸಂಜೆ ಮನೆಯಿಂದ ನನಗೆ ಬರೋ ಫೋನು, "ಗುಡುಗ್ತಾ ಇದ್ದು, ನಿನ್ ಪೆಟ್ಗೆ ಮಲಗ್ಸಿದ್ದಿ."

ತೇವ, ಉಪ್ಪು, ಇರುವೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಗಾಳೀಲಿ ಉಪ್ಪಿರ್ತದೆ, ಯುಎಸ್‌ಬಿ ಬಾಯಿಗೆ ಹಸಿರು ಕಿಲುಬು ಹಿಡೀತದೆ. ಘಟ್ಟದ ಮೇಲೆ ಉಪ್ಪಿಲ್ಲ, ಬೂಷ್ಟು. ಓಡ್ತಾ ಇರೋ ಬೋರ್ಡು ಬೆಚ್ಚಗಿರೋದ್ರಿಂದ ತೇವ ಕೂರೋದಿಲ್ಲ, ಆರಿಸಿಟ್ಟಿದ್ದೇ ಬೇಗ ಕೆಡೋದು. ಆ ಬೆಚ್ಚಗಿಗೇ ಇರುವೆ ಬಂದು ಗೂಡು ಕಟ್ತವೆ, ಮೂರು ತಿಂಗಳಿಗೊಮ್ಮೆ ಡಬ್ಬಿ ಬಿಚ್ಚಿ ನೋಡಿ. ಬೇಸಿಗೇಲಿ ಹಂಚಿನ ಕೆಳಗಿನ ಅಟ್ಟದಲ್ಲಿ ಇಡಬೇಡಿ, 80 ಡಿಗ್ರಿ ಮುಟ್ಟಿದ್ರೆ ಪೈ ತನ್ನಷ್ಟಕ್ಕೆ ನಿಧಾನ ಆಗ್ತದೆ.

ಇನ್ನೊಂದು ಕಾಪಿ ಎಲ್ಲಿ

ಮನೇಲಿ ಇರೋದು ಒಂದೇ ಕಾಪಿ ಆದ್ರೆ ಅದನ್ನ ಬ್ಯಾಕಪ್ ಅನ್ನೋಕೆ ಬರೋದಿಲ್ಲ. ಒಟ್ಟು ಮೂರು ಕಾಪಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಲ್ಲಿ ಅನ್ನೋದು ರೂಢಿ. ಸಿಡಿಲಿಗೆ ಸರ್ವರ್ರೂ ಪಕ್ಕದಲ್ಲಿಟ್ಟ ಡಿಸ್ಕೂ ಒಟ್ಟಿಗೇ ಹೋಗ್ತದೆ, ಆ ಬೇರೆ ಊರು ಅನ್ನೋದು ಅದಕ್ಕೇ. ನಮ್ಮದು ಕಾರವಾರದ ಅಕ್ಕನ ಮನೇಲಿ, ಅಲ್ಲಿ ಒಂದು ಹಳೇ ಲ್ಯಾಪ್‌ಟಾಪು, ಎರಡರಲ್ಲೂ ಸಿಂಕ್‌ಥಿಂಗ್ ಅನ್ನೋ ಪ್ರೋಗ್ರಾಂ, ಎರಡೂ ಕಡೆಯ ಫೋಲ್ಡರನ್ನ ಒಂದೇ ಥರ ಇಡೋದು ಅದರ ಕೆಲಸ. ಇದಕ್ಕೂ ಒಂದು ಕೊಂಕಿದೆ, ಇಲ್ಲಿ ತಪ್ಪಿ ಡಿಲೀಟ್ ಆಗಿದ್ದು ಅಲ್ಲೂ ಡಿಲೀಟ್ ಆಗ್ತದೆ, ಹಾಗಾಗಿ ಅಲ್ಲಿ ಅಳಿಸಿದ್ದನ್ನ ಕೆಲವು ದಿನ ಎತ್ತಿಡೋ ಸೆಟ್ಟಿಂಗ್ ಹಾಕಿದ್ದೇನೆ.

ಮೊದಲ ಸಲ ಕಳಿಸೋವಾಗ ಫೋಟೋ ವಿಡಿಯೋ ಸೇರಿ 400 ಜಿಬಿ ಇತ್ತು. ನಮ್ಮ ಅಪ್‌ಲೋಡ್ ಸ್ಪೀಡ್ 20 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ ಎರಡೂವರೆ ಎಂಬಿ, ಒಂದು ಸಲನೂ ಕಡಿಯದೇ ಹೋದ್ರೂ 44 ಗಂಟೆ ಬೇಕು, ಅದೂ ಮಳೆಗಾಲದಲ್ಲಿ. ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋಗೋ ಬಸ್ಸು ಅದಕ್ಕಿಂತ ಎಷ್ಟೋ ಮೊದಲು ಕಾರವಾರ ಮುಟ್ತದೆ. ಡಿಸ್ಕನ್ನ ಎರಡು ಪ್ಲಾಸ್ಟಿಕ್ ಕೊಟ್ಟೇಲಿ ಸುತ್ತಿ, ಅಕ್ಕನಿಗೆ ಅಂತ ಆಯಿ ಕೊಟ್ಟ ಅಪ್ಪೆಮಿಡಿ ಭರಣಿಯಿಂದ ದೂರ ಇಟ್ಟು, ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಕಾಪಿ ಮಾಡಿ ಬಂದೆ. ಈಗ ರಾತ್ರಿ ಎರಡು ಗಂಟೆಗೆ ಆಯಾ ದಿನದ್ದು ಮಾತ್ರ ಹೋಗ್ತದೆ, ನೆಟ್ ಇದ್ದ ದಿನ.